ಕೆಂಪಮ್ಮನ ಗೆರೆ

ಕೆಂಪಮ್ಮ ಅನ್ನುವುದು ಅವಳ ಹೆಸರಲ್ಲ. ಅಪ್ಪ ಅಮ್ಮ ಇಟ್ಟ ಹೆಸರು ಸಂಬಳದ ಚೀಟಿಯಲ್ಲಿ ಮಾತ್ರ ಇತ್ತು, ಆ ಚೀಟಿಯನ್ನು ಅವಳಲ್ಲದೆ ಇನ್ಯಾರೂ ಓದುತ್ತಿರಲಿಲ್ಲ. ಹಾಸಿಗೆ ಅಂಗಡಿಯ ಮೇಲೆ, ಮೂರನೆಯ ಮಹಡಿಯಲ್ಲಿದ್ದ ಆ ಆಫೀಸಿನ ಹದಿನೆಂಟು ಜನಕ್ಕೂ ಅವಳು ಕೆಂಪಮ್ಮ. ಮೈಬಣ್ಣ ಕೆಂಪಲ್ಲ, ಸಿಟ್ಟು ಬಂದರೆ ಕೆಂಪಾಗುವ ಜಾತಿಯವಳೂ ಅಲ್ಲ. ಅವಳು ಸಿದ್ಧ ಮಾಡಿಕೊಟ್ಟ ಫೈಲನ್ನು ತೆರೆದರೆ ಸಾಕು, ಪರದೆಯ ಮೇಲೆ ಒಂದು ಕೆಂಪು ಗೆರೆ ಎದ್ದು ಕಾಣುತ್ತಿತ್ತು, ಅದಕ್ಕೆ ಆ ಹೆಸರು. ಇಟ್ಟವರು ತಮ್ಮನ್ನು ಭಾರಿ ಬುದ್ಧಿವಂತರು ಅಂದುಕೊಂಡಿದ್ದರು. ಇರಲಿ ಬಿಡಿ, ಅಂಥ ಬುದ್ಧಿವಂತಿಕೆಗೆ ಅಲ್ಲಿ ಬರಗಾಲ ಇರಲಿಲ್ಲ.

ಆ ಆಫೀಸಿಗೆ ಇದ್ದದ್ದು ಒಂದೇ ಗಿರಾಕಿ. ವಯಸ್ಸಾದ ರೋಗಿಗಳಿಗೆ ಹೊತ್ತುಹೊತ್ತಿನ ಮಾತ್ರೆಗಳನ್ನು ಪೊಟ್ಟಣ ಕಟ್ಟಿ ಮನೆಗೆ ಮುಟ್ಟಿಸುವ ಒಂದು ಔಷಧ ಸಂಸ್ಥೆ. ಆ ಸಂಸ್ಥೆಯ ವೆಬ್ ಆ್ಯಪ್ ಬರೆಯುವುದು, ಬರೆದದ್ದನ್ನು ಸರಿಯಾಗಿ ಇಟ್ಟುಕೊಳ್ಳುವುದು ಇವರ ಕೆಲಸ. ಪರದೆಯ ಮೇಲೆ ಕಾಣುವ ಒಂದೊಂದು ತುಂಡೂ, ಒಂದು ಬಟನ್ ಆಗಲಿ, ರೋಗಿಯ ವಿಳಾಸವಾಗಲಿ, ಮಾತ್ರೆಗಳ ಪಟ್ಟಿಯಾಗಲಿ, ಒಂದೊಂದು ಕಾಂಪೊನೆಂಟ್. ಒಂದೊಂದಕ್ಕೂ ಒಂದು ಫೋಲ್ಡರು, ಫೋಲ್ಡರಿನಲ್ಲಿ ನಾಲ್ಕು ಫೈಲು. ಏನು ಕಾಣಬೇಕು ಅನ್ನುವುದಕ್ಕೆ ಒಂದು, ಹೇಗೆ ಕಾಣಬೇಕು ಅನ್ನುವುದಕ್ಕೆ ಒಂದು, ಪರೀಕ್ಷೆ ಮಾಡಿ ನೋಡುವುದಕ್ಕೆ ಒಂದು. ನಾಲ್ಕನೆಯದು ಟೈಪುಗಳ ಫೈಲು. ಇದರೊಳಗೆ ಬರುವುದು ಅಂಕಿಯೋ, ಅಕ್ಷರವೋ, ತಾರೀಖೋ, ಬರದಿದ್ದರೂ ನಡೆಯುತ್ತದೋ ಎಂದು ಮೊದಲೇ ಹೇಳಿಡುವ ಫೈಲು ಅದು. ಕೋಡ್ ಬರೆಯುವವರು ಕೂರುವ ಮೊದಲು ಈ ನಾಲ್ಕರ ಖಾಲಿ ಟೆಂಪ್ಲೇಟನ್ನು ಅಣಿ ಮಾಡಿಕೊಡುವುದು ಕೆಂಪಮ್ಮನ ಪಾಲಿಗೆ ಬಂದಿತ್ತು. ಗಂಡ ಸತ್ತ ಮೇಲೆ ಟೈಪಿಂಗ್ ಶಾಲೆಯಲ್ಲಿ ಬೆರಳು ಸವೆಸಿದವಳು, ನಲವತ್ಮೂರನೆಯ ವಯಸ್ಸಿನಲ್ಲಿ ಮಗಳ ಪುಸ್ತಕಗಳನ್ನೇ ಓದಿ ಈ ಕೆಲಸ ಕಲಿತು, ಹನ್ನೊಂದು ವರ್ಷ ಅದೇ ಕಿಟಕಿ ಪಕ್ಕದ ಕುರ್ಚಿಯಲ್ಲಿ ಕೂತಿದ್ದಳು.

ಅವಳದು ಒಂದು ಹಟ ಇತ್ತು. ಟೈಪುಗಳ ಫೈಲಿನಲ್ಲಿ ಅಂಕಿ, ಅಕ್ಷರ ಎಂದು ಬರೆಯಬೇಕಾದ ಜಾಗದಲ್ಲೆಲ್ಲ ಅವಳು 'ಇದೇನು' ಎಂದು ಬರೆದಿಡುತ್ತಿದ್ದಳು. ಅಂಥ ಟೈಪು ಲೋಕದಲ್ಲೇ ಇಲ್ಲ. ಕಂಪ್ಯೂಟರಿಗೆ ಅದು ಅರ್ಥವಾಗದೆ ಅಡಿಯಲ್ಲಿ ಕೆಂಪು ಗೆರೆ ಎಳೆದು, ನಾನು ಮುಂದೆ ಹೋಗುವುದಿಲ್ಲ ಎಂದು ಮುಷ್ಕರ ಹೂಡುತ್ತಿತ್ತು. ಕೋಡ್ ಬರೆಯುವವನು ಅಲ್ಲಿ ನಿಂತು, ನಿಜವಾಗಿ ಇದೇನು ಎಂದು ಯೋಚಿಸಿ, ಉತ್ತರ ಬರೆದರೆ ಮಾತ್ರ ಗಾಡಿ ಮುಂದಕ್ಕೆ. ಎಲ್ಲರೂ ಹಿಡಿಶಾಪ ಹಾಕುತ್ತಿದ್ದರು. ಹೊಸಬರು ಬಂದಾಗ ಅವಳು ಪಕ್ಕದಲ್ಲಿ ಕೂರಿಸಿಕೊಂಡು ಕೇಳುತ್ತಿದ್ದಳು:

"ಒಂದು ಮತ್ತೆ ಎರಡು ಸೇರಿದ್ರೆ ಎಷ್ಟು?"

"ಮೂರು."

"ನಿನಗೆ ಮೂರು. ಅಂಕಿ ಅಂತ ಹೇಳಿಟ್ರೆ ಇದಕ್ಕೂ ಮೂರೇ. ಹೇಳದೆ ಬಿಟ್ಟು, ಅದು ಅಕ್ಷರ ಅಂದ್ಕೊಂಡ್ರೆ ಒಂದರ ಪಕ್ಕದಲ್ಲಿ ಎರಡನ್ನ ಕೂರಿಸಿ ಹನ್ನೆರಡು ಅನ್ನತ್ತೆ. ಮುಖದಲ್ಲಿ ಒಂಚೂರು ನಾಚಿಕೆನೂ ಇಲ್ಲದೆ ಅನ್ನತ್ತೆ."

ಈ ಪಾಠವೇ ಅವಳ ಮೇಲಿನ ತಮಾಷೆಯಾಯಿತು. ಟೀ ಕುಡಿಯುವ ಹೊತ್ತಿಗೆ ಯಾರಾದರೂ ಹಿಂದಿನಿಂದ, "ಕೆಂಪಮ್ಮಾ, ನಂಗೊಂದು ಬಿಸ್ಕತ್ತು, ಅವನಿಗೆರಡು, ಒಟ್ಟು ಹನ್ನೆರಡು ಕೊಡಿ" ಎಂದು ಕೂಗುವರು. ಅವಳೂ ನಗುವಳು. ನಗದೆ ಏನು ಮಾಡಬೇಕಿತ್ತು?

ಇನ್ನೊಂದು ಅಭ್ಯಾಸ. ಹೊಸ ಟೆಂಪ್ಲೇಟ್ ಮಾಡುವ ಮೊದಲು ಅವಳು ಎರಡು ಬೀದಿ ಆಚೆಗಿದ್ದ ಔಷಧ ಸಂಸ್ಥೆಯ ಪೊಟ್ಟಣ ಕಟ್ಟುವ ಕೋಣೆಗೆ ಹೋಗಿ ಒಂದು ಗಂಟೆ ಸುಮ್ಮನೆ ನಿಂತು ಬರುತ್ತಿದ್ದಳು. ಅಲ್ಲಿ ನೀಲಿ ಏಪ್ರನ್ ಹಾಕಿಕೊಂಡು ಮಾತ್ರೆ ಎಣಿಸುವ ಹೆಂಗಸೊಬ್ಬಳಿದ್ದಳು, ಎಲ್ಲರೂ ಪೊಟ್ಟಣದಕ್ಕ ಅನ್ನುತ್ತಿದ್ದರು. ಪರದೆಯಲ್ಲಿ ಏನು ಬಂದರೆ ಕೈ ತಡವರಿಸುತ್ತದೆ, ಯಾವ ಜಾಗ ಖಾಲಿ ಬರುತ್ತದೆ ಎಲ್ಲವನ್ನೂ ಅವಳು ಹೇಳುವಳು. ಕೆಂಪಮ್ಮ ಕೇಳಿಕೊಂಡು ಬಂದು ಫೈಲಿನಲ್ಲಿ ಇಳಿಸುವಳು. ಇಬ್ಬರಿಗೂ ಇದರಿಂದ ಬಂದ ಹೆಚ್ಚುಗಾರಿಕೆ ಏನೂ ಇಲ್ಲ.

ಅಳಿಯ ಸಿಕ್ಕಿದ್ದು ಆ ಕುರ್ಚಿಯ ಪಕ್ಕದಲ್ಲೇ. ಆರು ವರ್ಷದ ಹಿಂದೆ ಕೆಲಸಕ್ಕೆ ಸೇರಿ, ಹನ್ನೆರಡರ ಪಾಠವನ್ನು ಅವಳಿಂದಲೇ ಕೇಳಿಸಿಕೊಂಡವನು. ಚುರುಕು ಕೈ, ನಯವಾದ ಮಾತು. ಒಂದು ಸಲ ಟೈಪು ಬರೆಯದೆ ಬಿಟ್ಟಿದ್ದಕ್ಕೆ ಅವಳು ತಮಾಷೆಗೆ ಕಿವಿ ಹಿಂಡಿದ್ದೂ ಉಂಟು. ಆಮೇಲೆ ಮಗಳನ್ನು ಕೊಟ್ಟಳು. ಕೊಟ್ಟ ದಿನದಿಂದ ಅದೇ ಕಿವಿಯವರನ್ನು ಬಹುವಚನದಲ್ಲಿ ಮಾತಾಡಿಸತೊಡಗಿದಳು, ಅವರು ಎದುರು ಬಂದರೆ ಎದ್ದು ನಿಲ್ಲತೊಡಗಿದಳು. ಮನೆಯಲ್ಲಿ ಅವನು "ಅತ್ತೆ" ಅನ್ನುತ್ತಿದ್ದ. ಆಫೀಸಿನಲ್ಲಿ "ಮೇಡಂ". ಕೆಂಪಮ್ಮನ ಅಳಿಯ ಅನ್ನಿಸಿಕೊಳ್ಳುವುದು ಅವನಿಗೆ ಬೇಕಿರಲಿಲ್ಲ.

ಹೊಸ ಮ್ಯಾನೇಜರ್ ಬಂದ. ಬಂದ ವಾರದಲ್ಲೇ ಅವಳ ಕುರ್ಚಿಯ ಹಿಂದೆ ನಿಂತು, ನಾಲ್ಕು ಖಾಲಿ ಫೈಲಿಗೆ ಅರ್ಧ ದಿನ ಯಾಕೆ ಬೇಕು ಎಂದು ಕೇಳಿದ. ಪೊಟ್ಟಣದ ಕೋಣೆಯ ವಿಷಯ ಹೇಳಿದಳು. "ವಾಕಿಂಗಾ?" ಅಂದ ಅವನು. ಅಕ್ಕಪಕ್ಕದವರು ಕಿಸಕ್ಕೆಂದರು. ಅವಳಿಗೆ ಇನ್ನೂ ನಾಲ್ಕು ವರ್ಷ ಕೆಲಸವಿತ್ತು. ಆ ನಾಲ್ಕು ವರ್ಷವನ್ನು ಮರ್ಯಾದೆಯಿಂದ ಅದೇ ಕುರ್ಚಿಯಲ್ಲಿ ಮುಗಿಸಿ, ಯಾರ ಮನೆಯ ಮೂಲೆಯನ್ನೂ ಹಿಡಿಯದೆ ತನ್ನ ಬಾಡಿಗೆ ಕೋಣೆಯಲ್ಲಿ ತನ್ನಷ್ಟಕ್ಕೆ ಇರಬೇಕು. ಅವಳು ಬದುಕಿನಿಂದ ಕೇಳಿದ್ದು ಅಷ್ಟೇ.

ಮುಂದಿನ ಭಾನುವಾರ ಮಗಳು, ಅಳಿಯ, ಮೂರು ವರ್ಷದ ಮೊಮ್ಮಗು ಅವಳ ಕೋಣೆಗೆ ಬಂದರು. ಮಗುವನ್ನು ತೊಡೆಯ ಮೇಲೆ ಕೂರಿಸಿ ಅಳಿಯ ಲ್ಯಾಪ್‌ಟಾಪ್ ತೆರೆದ.

"ಅತ್ತೆ, ನಿಮ್ಮ ಮಣಿಕಟ್ಟಿನ ನೋವು ನೋಡಕ್ಕಾಗಲ್ಲ. ನೀವು ಏನೇನು ಮಾಡ್ತೀರೋ ಎಲ್ಲ ಹೇಳ್ಬಿಡಿ. ಒಂದು ಸ್ಕ್ರಿಪ್ಟ್ ಬರೀತೀನಿ. ಹೆಸರು ಟೈಪ್ ಮಾಡಿ ಎಂಟರ್ ಒತ್ತಿದ್ರೆ ನಾಲ್ಕೂ ಫೈಲು ತಾನೇ ಬರಬೇಕು."

"ನನ್ನ ಕೆಲಸ ಏನಾಗತ್ತೆ ಮತ್ತೆ?"

"ಅಯ್ಯೋ, ಏನ್ ಮಾತು ಅತ್ತೆ! ನೀವು ಮೇಲ್ವಿಚಾರಣೆ. ಕುರ್ಚಿ ಎಲ್ಲಿಗೂ ಹೋಗಲ್ಲ."

ಎಂಥ ಬೆಣ್ಣೆ ನೋಡಿ. ಅವಳು ಆ ಬೆಣ್ಣೆಯಲ್ಲಿ ಜಾರಿದಳು. ಹನ್ನೊಂದು ವರ್ಷದಲ್ಲಿ ಯಾರೂ ಕೇಳದಿದ್ದ ಪ್ರಶ್ನೆಗಳನ್ನು ಅವನು ಕೇಳುತ್ತಿದ್ದ. ಯಾವ ಫೈಲು ಮೊದಲು, ಯಾವುದು ಯಾವುದನ್ನು ಕರೆಯಬೇಕು, 'ಇದೇನು' ಎಲ್ಲೆಲ್ಲಿ ಬರಬೇಕು. ಅಡುಗೆ ಮರೆತು, ಮಗುವಿಗೆ ಬಿಸ್ಕತ್ತು ಕೊಟ್ಟು ಕೂರಿಸಿ, ಸಂಜೆಯವರೆಗೆ ಹೇಳಿಕೊಟ್ಟಳು.

ಎರಡು ವಾರ ಕಳೆದು ಎಲ್ಲರ ಎದುರು ಸ್ಕ್ರಿಪ್ಟಿನ ಪ್ರದರ್ಶನ ಆಯಿತು. ಅಳಿಯ ಹೆಸರು ಟೈಪ್ ಮಾಡಿದ, ಎಂಟರ್ ಒತ್ತಿದ, ಕಣ್ಣು ಮಿಟುಕಿಸುವಷ್ಟರಲ್ಲಿ ಫೋಲ್ಡರು, ಅದರಲ್ಲಿ ನಾಲ್ಕು ಫೈಲು. ಟೈಪುಗಳ ಫೈಲಿನಲ್ಲಿ ಕೆಂಪು ಗೆರೆ. ಮ್ಯಾನೇಜರನ ಮುಖ ಕಿವುಚಿತು.

"ಇದೇನ್ರೀ ಕೆಂಪಗೆ? ನಾಳೆ ಗಿರಾಕಿಗೆ ತೋರಿಸಬೇಕು. ಎಂಟರ್ ಒತ್ತಿದ ತಕ್ಷಣ ಓಡಬೇಕು. ಇದನ್ನ ತೆಗೀರಿ."

"ಒಂದ್ನಿಮಿಷ ಸಾರ್" ಎಂದ ಅಳಿಯ. 'ಇದೇನು' ಇದ್ದ ಕಡೆಯಲ್ಲೆಲ್ಲ 'ಎನಿ' ಎಂದು ಹಾಕಿದ. ಎನಿ ಅಂದರೆ ಏನು ಬಂದರೂ ಸರಿ, ಅಂಕಿಯೋ ಅಕ್ಷರವೋ ನಾನು ಕೇಳುವುದಿಲ್ಲ ಎಂದು ಕಂಪ್ಯೂಟರಿಗೆ ಕೊಡುವ ಪರವಾನಗಿ. ಕೆಂಪು ಮಾಯ. ಎಲ್ಲ ಹಸಿರು. ಕೂತಿದ್ದವರು ಚಪ್ಪಾಳೆ ತಟ್ಟಿದರು.

ಕೆಂಪಮ್ಮ ಎರಡನೆಯ ಸಾಲಿನಿಂದ ಎದ್ದಳು. ಬಾಯಿ ತೆರೆದಳು. ಆಗಲೇ ಅಳಿಯ ಪರದೆಯನ್ನು ಮೇಲಕ್ಕೆ ಸರಿಸಿ ಮೊದಲನೆಯ ಸಾಲು ತೋರಿಸಿದ. ಫೈಲಿನ ನೆತ್ತಿಯ ಮೇಲೆ 'ತಯಾರಿಸಿದವರು' ಎಂದಿತ್ತು, ಮುಂದೆ ಅವಳ ಹೆಸರು. ಕೆಂಪಮ್ಮ ಅಲ್ಲ, ಅಪ್ಪ ಅಮ್ಮ ಇಟ್ಟ ಹೆಸರು, ಇನಿಷಿಯಲ್ ಸಮೇತ.

"ಟೆಂಪ್ಲೇಟ್ ಮೇಡಂದು. ಇನ್ಮೇಲೆ ಹುಟ್ಟೋ ಒಂದೊಂದು ಫೈಲಿನ ಮೇಲೂ ಅವರ ಹೆಸರೇ ಇರಲಿ ಅಂತ ಹಾಕಿದೀನಿ."

ಅವಳು ಬಾಯಿ ಮುಚ್ಚಿಕೊಂಡಳು. ಏಳನೆಯ ಸಾಲಿನ 'ಎನಿ' ಅವಳಿಗೆ ಕಂಡಿತ್ತು. ಕಣ್ಣು ಮಸುಕಾಗಿರಲಿಲ್ಲ, ದೂರ ಕೂತಿರಲೂ ಇಲ್ಲ. ಮೊದಲನೆಯ ಸಾಲು ಏಳನೆಯ ಸಾಲನ್ನು ನುಂಗಿತು, ಅಷ್ಟೆ. ಇಲ್ಲಿ ಅವಳ ಪರವಾಗಿ ಹೇಳುವುದಕ್ಕೆ ಏನೂ ಇಲ್ಲ. ಆಮೇಲೆ ಹೇಳಿದರಾಯಿತು, ಸಮಯ ನೋಡಿ ಅಳಿಯಂದಿರ ಕಿವಿಗೆ ಹಾಕಿದರಾಯಿತು ಎಂದುಕೊಂಡಳು. ಹಾಕಲಿಲ್ಲ. ದಿನಾ ಬೆಳಿಗ್ಗೆ ಬಂದು ಹೊಸ ಫೈಲುಗಳನ್ನು ತೆರೆದು ನೆತ್ತಿಯ ಸಾಲನ್ನು ಓದಿ ಮುಚ್ಚುವುದು ಅವಳ ಮೇಲ್ವಿಚಾರಣೆಯಾಯಿತು.

ಐದು ತಿಂಗಳಲ್ಲಿ ನೂರಾ ಮೂರು ಕಾಂಪೊನೆಂಟ್, ನಾನೂರ ಹನ್ನೆರಡು ಫೈಲು. ಪೊಟ್ಟಣದ ಕೋಣೆಗೆ ಹೋಗುವುದು ನಿಂತಿತು. ಯಾಕೆ ಹೋಗಬೇಕು? ಎಂಟರ್ ಒತ್ತಿದರೆ ಎಲ್ಲ ಬರುತ್ತಿತ್ತು.

ನೂರಾ ಮೂರರಲ್ಲಿ ಒಂದು, ಮಾತ್ರೆಗಳ ಒಟ್ಟು ಲೆಕ್ಕ ತೋರಿಸುವ ಕಾಂಪೊನೆಂಟ್. ಡಾಕ್ಟರು ಮಾತ್ರೆ ಹೆಚ್ಚಿಸಿದರೆ ಹಳೆಯ ಪ್ರಮಾಣಕ್ಕೆ ಹೆಚ್ಚಿಸಿದ್ದನ್ನು ಸೇರಿಸಿ ಪೊಟ್ಟಣ ಕಟ್ಟುವವರಿಗೆ ತೋರಿಸಬೇಕು. ಅದನ್ನು ಬರೆದವನು ಎನಿ ಇದ್ದಲ್ಲಿ ಎನಿಯನ್ನೇ ಬಿಟ್ಟ. ಕೆಂಪು ಗೆರೆ ಇಲ್ಲದ ಮೇಲೆ ಯಾರು ನಿಂತು ಯೋಚಿಸುತ್ತಾರೆ?

ನಿವೃತ್ತ ಡ್ರಾಯಿಂಗ್ ಮೇಷ್ಟ್ರು ಒಬ್ಬರಿದ್ದರು, ಒಂಟಿ ಮನುಷ್ಯ. ರಕ್ತದೊತ್ತಡಕ್ಕೆ ಬೆಳಿಗ್ಗೆ ಒಂದು ಮಾತ್ರೆ ನುಂಗುತ್ತಿದ್ದರು. ಡಾಕ್ಟರು ಇನ್ನೆರಡು ಹೆಚ್ಚಿಸಿದರು. ಪರದೆ ಹನ್ನೆರಡು ಎಂದಿತು. ಪೊಟ್ಟಣದಕ್ಕನ ಕೈ ತಡವರಿಸಿತು, ಸೂಪರ್‌ವೈಸರನ್ನು ಕರೆದು ತೋರಿಸಿದಳು. "ಕಂಪ್ಯೂಟರಿಗಿಂತ ನಿಂಗೆ ಜಾಸ್ತಿ ಗೊತ್ತಾ? ಕಟ್ಟು" ಎಂದು ಅವನು ಗದರಿದ. ಕಟ್ಟಿದಳು. ಪೊಟ್ಟಣದ ಮೇಲೆ 'ಒಳಗಿರುವುದನ್ನೆಲ್ಲ ಒಮ್ಮೆಗೇ ನುಂಗಿರಿ' ಎಂದು ಅಚ್ಚಾಗಿರುತ್ತದೆ. ಮೇಷ್ಟ್ರು ಬದುಕಿಡೀ ಹೇಳಿದ್ದನ್ನು ಹೇಳಿದಂತೆ ಮಾಡಿದವರು. ಎರಡು ಗುಟುಕು ನೀರಿನಲ್ಲಿ ಹನ್ನೆರಡನ್ನೂ ನುಂಗಿ, ಒತ್ತಡ ಪಾತಾಳಕ್ಕಿಳಿದು, ಬಚ್ಚಲಲ್ಲಿ ಬಿದ್ದರು. ನಾಲ್ಕನೆಯ ದಿನ ತೀರಿಕೊಂಡರು.

ಔಷಧ ಸಂಸ್ಥೆಯಿಂದ ವಿಚಾರಣೆಗೆ ಒಬ್ಬ ಅಧಿಕಾರಿ ಬಂದ. ಎಲ್ಲರನ್ನೂ ಕೂರಿಸಿಕೊಂಡು ಆ ಫೈಲನ್ನು ಗೋಡೆಯ ಮೇಲಿನ ಪರದೆಗೆ ಹಾಕಿಸಿದ. ಮೊದಲನೆಯ ಸಾಲನ್ನು ಗಟ್ಟಿಯಾಗಿ ಓದಿ, "ಇವರು ಯಾರು?" ಎಂದ.

ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಐದು ತಿಂಗಳಿಂದ ದಿನಾ ತೆರೆಯುತ್ತಿದ್ದ ಫೈಲುಗಳ ನೆತ್ತಿಯ ಸಾಲನ್ನು ಹೆಚ್ಚಿನವರು ಓದಿಯೇ ಇರಲಿಲ್ಲ.

"ಆ ಹೆಸರಿನವರು ನಮ್ಮಲ್ಲಿ ಯಾರೂ ಇಲ್ವಲ್ಲ ಸಾರ್" ಎಂದ ಒಬ್ಬ, ಪೂರ್ತಿ ಪ್ರಾಮಾಣಿಕವಾಗಿ.

"ಅಯ್ಯೋ, ಇದಾರಲ್ಲೋ! ನಮ್ಮ ಕೆಂಪಮ್ಮ!"

ಯಾರೋ ಫಕ್ಕನೆ ನಕ್ಕರು, ಮರುಕ್ಷಣ ಕೆಮ್ಮಿ ಮುಚ್ಚಿಕೊಂಡರು. ಹನ್ನೊಂದು ವರ್ಷದಲ್ಲಿ ಅವಳ ಹೆಸರು ಆ ಕೋಣೆಯಲ್ಲಿ ಗಟ್ಟಿಯಾಗಿ ಕೇಳಿಸಿದ್ದು ಅದೇ ಮೊದಲು, ಅದೂ ಹೀಗೆ. ಅವಳು ಎದ್ದು ನಿಂತು ಅಳಿಯನತ್ತ ನೋಡಿದಳು. ಅವನು ತನ್ನ ಉಗುರು ನೋಡಿಕೊಳ್ಳುತ್ತಿದ್ದ.

"ಟೆಂಪ್ಲೇಟ್ ಮೇಡಂದೇ ಸಾರ್" ಎಂದ, ತಲೆ ಎತ್ತದೆ. "ಅವರು ಹೇಳಿಕೊಟ್ಟಿದ್ದನ್ನ ನಾನು ಸ್ಕ್ರಿಪ್ಟಿಗೆ ಹಾಕ್ದೆ, ಅಷ್ಟೆ."

ಮ್ಯಾನೇಜರ್ ಗೋಣು ಆಡಿಸಿದ. ಯಾವ ಸಾಲನ್ನು ಯಾರು, ಯಾವ ದಿನ, ಎಷ್ಟು ಹೊತ್ತಿಗೆ ಬದಲಾಯಿಸಿದರು ಎಂಬುದೆಲ್ಲ ಕಂಪ್ಯೂಟರಿನಲ್ಲಿ ಉಳಿದಿರುತ್ತದೆ. ಎರಡು ಕೀಲಿ ಒತ್ತಿದರೆ ಸಾಕಿತ್ತು. ಅದು ಕೆಂಪಮ್ಮನಿಗೆ ಗೊತ್ತಿತ್ತು, ಅಳಿಯನಿಗೆ ಗೊತ್ತಿತ್ತು, ಕೆಂಪು ತೆಗೆಸಿದ ಮ್ಯಾನೇಜರನಿಗೂ ಗೊತ್ತಿತ್ತು. ಗೊತ್ತಿಲ್ಲದಿದ್ದದ್ದು ಆ ಅಧಿಕಾರಿಗೆ ಮಾತ್ರ, ಅವನಿಗೆ ಬೇಕಿದ್ದದ್ದು ಒಂದು ಹೆಸರು. ನಾಳೆಯೊಳಗೆ ಹೇಳಿಕೆ ಬರೆದುಕೊಡಿ ಎಂದು ಎದ್ದುಹೋದ.

ನಾಳೆ ಆ ಎರಡು ಕೀಲಿ ಒತ್ತಿ ತೋರಿಸಿಯೇ ತೋರಿಸುತ್ತೇನೆ ಎಂದುಕೊಂಡು ಅವಳು ಕೆಳಗಿಳಿದಳು. ಹೊಟ್ಟೆಯೊಳಗೆ ಬೆಂಕಿ. ಕಾಲು ತಾನಾಗಿ ಪೊಟ್ಟಣದ ಕೋಣೆಯ ಕಡೆಗೆ ನಡೆಯಿತು. ಐದು ತಿಂಗಳ ಮೇಲೆ ಹೋಗುತ್ತಿದ್ದಳು. ಪೊಟ್ಟಣದಕ್ಕ ಗೇಟಿನ ಹತ್ತಿರವೇ ಸಿಕ್ಕಳು, ಮಡಿಸಿದ ನೀಲಿ ಏಪ್ರನ್ನನ್ನು ಕಾವಲುಗಾರನಿಗೆ ಒಪ್ಪಿಸುತ್ತಿದ್ದಳು. ಅವಳನ್ನು ಬೆಳಿಗ್ಗೆಯೇ ತೆಗೆದು ಹಾಕಿದ್ದರು.

"ನೀವು ಬರೋದು ಯಾಕಮ್ಮಾ ಬಿಟ್ರಿ?" ಎಂದಳು. ದೂರುವ ದನಿಯೇ ಅಲ್ಲ, ನಿಜವಾಗಿ ತಿಳಿದುಕೊಳ್ಳಲು ಕೇಳಿದಂತಿತ್ತು. "ಆ ಹೊಸ ಪರದೆ ಬಂದ ದಿನದಿಂದ ದಿನಾ ಬಾಗಿಲು ನೋಡ್ತಿದ್ದೆ. ನೀವು ಬಂದಿದ್ರೆ ತೋರಿಸ್ತಿದ್ದೆ."

ಕೆಂಪಮ್ಮನ ಹೊಟ್ಟೆಯ ಬೆಂಕಿ ಅಲ್ಲೇ ತಣ್ಣಗಾಯಿತು. ಅದು ಆರಬಾರದಿತ್ತು, ಅವಳ ಹತ್ತಿರ ಇದ್ದದ್ದು ಅದೊಂದೇ.

ಸಂಜೆ ಮಗಳು ಕರೆಸಿಕೊಂಡಳು. ಅಳಿಯ ಒಳಕೋಣೆಯಲ್ಲಿ ಟಿವಿ ಮುಂದೆ ಕೂತಿದ್ದ. ಅತ್ತೆ ಬಂದದ್ದು ತಿಳಿದೊಡನೆ ಟಿವಿಯ ದನಿ ಸಣ್ಣದಾಯಿತು, ಪೂರ್ತಿ ನಿಲ್ಲಲಿಲ್ಲ.

"ಅಮ್ಮಾ, ನೀನೇ ಒಪ್ಕೊಂಡ್ಬಿಡು."

"ಅದನ್ನ ಬದಲಾಯಿಸಿದ್ದು ನಾನಲ್ಲ ಕಣೇ."

"ಗೊತ್ತು. ಅವ್ರು ಹೇಳಿದಾರೆ." ಮಗಳು ತಾಯಿಯ ಮುಖ ನೋಡುತ್ತಲೇ ಹೇಳಿದಳು, ಕಣ್ಣು ಕೂಡ ತಪ್ಪಿಸಲಿಲ್ಲ. "ಅವ್ರ ಹೆಸರು ಒಂದ್ಸಲ ಕೆಟ್ರೆ ಮುಂದೆ ಎಲ್ಲೂ ಕೆಲಸ ಸಿಗಲ್ಲ. ನಿನಗೇನು, ಹೆಂಗೂ ಇನ್ನು ನಾಲ್ಕೇ ವರ್ಷ. ಹೆಸರು ಕಟ್ಕೊಂಡು ಏನ್ ಮಾಡ್ತೀಯ ನೀನು?"

"ಒಬ್ರು ಸತ್ತಿದಾರೆ. ನಾನು ಕೊಂದೆ ಅಂತ ಬರ್ಕೊಡಲಾ?"

"ಹಂಗ್ಯಾರಮ್ಮ ಅಂದ್ರು? ತಪ್ಪಾಯ್ತು ಅಂತ ಬರಿ. ಇಲ್ಲಿಗೇ ಬಂದಿರು. ಮಗೂನ ನೋಡ್ಕೊಳ್ಳಕ್ಕೆ ಯಾರನ್ನಾದ್ರೂ ಹುಡುಕ್ಬೇಕು ಅಂತಾನೇ ಇದ್ವಿ."

ಅಂತಾನೇ ಇದ್ದರಂತೆ. ಕೇಳಿದಿರಲ್ಲ? ತಾಯಿಗೆ ಉರುಳು ಹಾಕುತ್ತಲೇ ಮನೆಗೆಲಸದ ಚಿಂತೆಯನ್ನೂ ಬಗೆಹರಿಸಿಕೊಂಡ ಮಗಳು. ಕೆಂಪಮ್ಮನಿಗೆ ಅವಳ ಕೆನ್ನೆಗೆ ಬಾರಿಸಬೇಕು ಅನ್ನಿಸಿತು. ಬಾರಿಸಲಿಲ್ಲ. ಏಳನೆಯ ಸಾಲು ಕಣ್ಣ ಮುಂದೆ ಬಂತು, ತೆರೆದು ಮುಚ್ಚಿಕೊಂಡ ತನ್ನ ಬಾಯಿ ನೆನಪಾಯಿತು. ಊಟದ ಮೇಜಿನ ಮೇಲೆ, ಮಗು ಬಣ್ಣ ಹಚ್ಚಿ ಬಿಟ್ಟಿದ್ದ ಹಾಳೆಗಳನ್ನು ಪಕ್ಕಕ್ಕೆ ಸರಿಸಿ, ಹೇಳಿಕೆ ಬರೆದು, ಕೆಳಗೆ ತನ್ನ ಹೆಸರು ಬರೆದಳು. ಒಳಕೋಣೆಯಲ್ಲಿ ಟಿವಿಯ ದನಿ ಮತ್ತೆ ಮೊದಲಿನಂತಾಯಿತು.

ಕೊನೆಯ ದಿನ ಅವಳು ಡ್ರಾಯರ್ ಖಾಲಿ ಮಾಡುತ್ತಿದ್ದಾಗ ಮ್ಯಾನೇಜರ್ ಬಂದ.

"ಹೋಗೋ ಮುಂಚೆ ಆ ಕೆಂಪು ಗೆರೆ ಸ್ಕ್ರಿಪ್ಟಿಗೆ ವಾಪಸ್ ಹಾಕಿಕೊಟ್ಟು ಹೋಗಿ. ಗಿರಾಕಿ ಈಗ ಅದೇ ಬೇಕು ಅಂತಿದಾನೆ. ಎಲ್ಲೆಲ್ಲಿ ಬರಬೇಕು ಅಂತ ನಿಮಗೇ ತಾನೇ ಸರಿಯಾಗಿ ಗೊತ್ತಿರೋದು."

ಚೀಲವನ್ನು ಕೆಳಗಿಟ್ಟು ಕೂತಳು. ಅಳಿಯ ಬಂದು ಕುರ್ಚಿಯ ಹಿಂದೆ ನಿಂತ. ಎನಿ ಇದ್ದ ಒಂದೊಂದು ಜಾಗದಲ್ಲೂ 'ಇದೇನು' ಎಂದು ಬರೆದಳು. ಮಣಿಕಟ್ಟು ನೋಯುತ್ತಿತ್ತು. ಒಂದು ಜಾಗವನ್ನೂ ಬಿಡಲಿಲ್ಲ, ಎರಡು ಸಲ ಮೇಲಿಂದ ಕೆಳಗೆ ಓದಿದಳು.

"ಮೇಲಿರೋ ಹೆಸರು?" ಎಂದಳು.

"ಹೌದಲ್ಲ, ಇನ್ನು ನೀವಿರಲ್ಲ" ಎಂದ ಮ್ಯಾನೇಜರ್. "ಅವರದ್ದು ಹಾಕ್ಬಿಡಿ. ಹೊಸ ಫೈಲುಗಳಿಗೆ ಮಾತ್ರ ಮತ್ತೆ. ಹಳೆ ನಾನೂರ ಹನ್ನೆರಡನ್ನ ಮುಟ್ಟಬೇಡಿ, ಅವು ಹಾಗೇ ಇರಲಿ, ದಾಖಲೆಗೆ ಬೇಕು."

ಅವಳು ತನ್ನ ಹೆಸರನ್ನು ಒಂದೊಂದೇ ಅಕ್ಷರವಾಗಿ ಅಳಿಸಿದಳು. ಅಳಿಯನ ಹೆಸರು ಟೈಪ್ ಮಾಡಿ, ತಿರುಗಿ ನೋಡದೆ ಕೇಳಿದಳು.

"ಇನಿಷಿಯಲ್ ಮುಂದೆ ಹಾಕ್ಲಾ, ಹಿಂದೆ ಹಾಕ್ಲಾ?"

"ಮುಂದೆ ಅತ್ತೆ."

ಆಫೀಸಿನಲ್ಲಿ ಅವನು ಅವಳನ್ನು ಅತ್ತೆ ಅಂದದ್ದು ಅದೇ ಮೊದಲು. ಮುಂದೆ ಹಾಕಿದಳು. ಸರಿಯಾಗಿದೆಯೋ ಇಲ್ಲವೋ ನೋಡಲು ಒಮ್ಮೆ ಎಂಟರ್ ಒತ್ತಿದಳು. ನಾಲ್ಕು ಫೈಲು ಬಂದವು. ಕೆಂಪು ಗೆರೆ ಬರಬೇಕಾದಲ್ಲೆಲ್ಲ ಬಂದಿತ್ತು, ನೆತ್ತಿಯ ಮೇಲೆ ಅಳಿಯನ ಹೆಸರಿತ್ತು. ಮಗುವನ್ನು ಮೂರೂವರೆಗೆ ಶಿಶುವಿಹಾರದಿಂದ ಕರೆತರಬೇಕು ಎಂದು ಮಗಳು ಬೆಳಿಗ್ಗೆಯೇ ಹೇಳಿದ್ದಳು. ಗಡಿಯಾರ ನೋಡಿ, ಚೀಲ ಎತ್ತಿಕೊಂಡು, ಹಾಸಿಗೆ ಅಂಗಡಿಯ ಮೆಟ್ಟಿಲನ್ನು ಬೇಗಬೇಗ ಇಳಿದಳು.